ಓಮ್ನಿ ಬಾಗಿಲಿಗೆ ತೇಪೆ: ತಗಡು ಎಳೆಯದಂತೆ ಬೆಸೆಯುವ ಕೆಲಸ

ಭದ್ರಾ ನಾಲೆಯ ನೀರು ಹರಿಯುವ ದಾವಣಗೆರೆ ಸೀಮೆಯಲ್ಲಿ ವ್ಯಾನುಗಳ ಬಾಗಿಲು ಕೊಳೆಯುವುದು ತಳದಿಂದ. ಗದ್ದೆ ಹಾದಿಯ ಎರೆಮಣ್ಣು ಬಾಗಿಲಿನ ಕೆಳಗಿರುವ ನೀರಿಳಿಯುವ ತೂತುಗಳನ್ನು ಮುಚ್ಚುತ್ತದೆ. ಗಾಜಿನ ರಬ್ಬರ್ ಸಂದಿಯಿಂದ ಇಳಿದ ಮಳೆನೀರು ಒಳಗೇ ನಿಲ್ಲುತ್ತದೆ. ಹೊರಗೆ ಬಣ್ಣ ಗುಳ್ಳೆ ಏಳುವ ಹೊತ್ತಿಗೆ ಒಳಗಿನ ತಗಡು ಜಾಳುಜಾಳಾಗಿರುತ್ತದೆ. ಪಿ.ಬಿ. ರಸ್ತೆಯ ಶೆಡ್ಡಿಗೆ ಬಂದ ಹಳೆಯ ಓಮ್ನಿಯ ಸ್ಲೈಡಿಂಗ್ ಬಾಗಿಲೂ ಹೀಗೇ ಇತ್ತು: ಕೆಳಗಿನ ಅಂಚಿನಿಂದ ಮೇಲಕ್ಕೆ ಸುಮಾರು 90 ಮಿ.ಮೀ., ಉದ್ದಕ್ಕೆ 350 ಮಿ.ಮೀ. ತುಕ್ಕು. ಉಳಿದ ತಗಡು ಗಟ್ಟಿ. ಕೊಳೆತಷ್ಟನ್ನು ಕತ್ತರಿಸಿ, ಹೊಸ ತುಂಡು ಕೂರಿಸಿ, ಅಂಚಿಗೆ ಅಂಚು ಸೇರಿಸಿ ಬೆಸೆಯುವುದು ಕೆಲಸ. ಹೇಳಲು ಸುಲಭ. ಆದರೆ ಕಾರಿನ ಹೊರಮೈಯಲ್ಲಿ ಇಂಥ ಚಪ್ಪಟೆ ಬಾಗಿಲಿನಷ್ಟು ಬೇಗ ಬಿಸಿಗೆ ಸೊಟ್ಟಗಾಗುವ ಜಾಗಗಳು ಹೆಚ್ಚಿಲ್ಲ. ಬಾನೆಟ್ಟು, ಛಾವಣಿ ಎರಡೂ ಇದರ ಜೊತೆಗಾರರು.

ತಗಡು ಏಕೆ ಎಳೆಯುತ್ತದೆ, ಅಂದರೆ ಬಿಸಿಗೆ ಏಕೆ ಸೊಟ್ಟಗಾಗುತ್ತದೆ ಎಂಬುದು ತಿಳಿಯದಿದ್ದರೆ ಮುಂದಿನ ಯಾವ ಎಚ್ಚರಿಕೆಗೂ ಅರ್ಥವಿಲ್ಲ. ಒಂದು ಮೀಟರ್ ಉಕ್ಕು 100 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಸುಮಾರು 1.2 ಮಿ.ಮೀ. ಉದ್ದವಾಗುತ್ತದೆ. ಬೆಸುಗೆಯ ಜಾಗ ಕರಗುವುದು ಸುಮಾರು 1500 ಡಿಗ್ರಿಯಲ್ಲಿ. ಅದರ ಪಕ್ಕದ ತಗಡು ಕೆಂಪಗೆ ಕಾದು ಮೆತ್ತಗಾಗಿರುತ್ತದೆ, ಹಿಗ್ಗಲು ನೋಡುತ್ತದೆ. ಸುತ್ತಲಿನ ತಣ್ಣನೆಯ ತಗಡು ಜಾಗ ಬಿಡುವುದಿಲ್ಲ. ಹಾಗಾಗಿ ಅದು ತನ್ನೊಳಗೇ ಒತ್ತಿಕೊಂಡು ದಪ್ಪವಾಗುತ್ತದೆ. ತಣಿಯುವಾಗ ಮಾತ್ರ ಪೂರ್ತಿ ಕುಗ್ಗುತ್ತದೆ. ಅಲ್ಲಿಗೆ ಬೆಸುಗೆಯ ಗೆರೆ ಮೊದಲಿಗಿಂತ ಗಿಡ್ಡವಾಯಿತು. ಅಕ್ಕಪಕ್ಕದ ತಗಡು ಅಷ್ಟೇ ಉದ್ದ ಉಳಿದಿದೆ. ಬಿಗಿಯಾಗಿ ಎಳೆದ ಹೊಲಿಗೆಯ ಅಕ್ಕಪಕ್ಕ ಬಟ್ಟೆ ನಿರಿಗೆಗಟ್ಟುವ ಹಾಗೆ ತಗಡು ಉಬ್ಬಿ ನಿಲ್ಲುತ್ತದೆ. ಬೆರಳಲ್ಲಿ ಒತ್ತಿದರೆ ಟಕ್ಕೆಂದು ಒಳಗೆ, ಬಿಟ್ಟರೆ ಟಕ್ಕೆಂದು ಹೊರಗೆ. ನಮ್ಮ ಕೆಲಸ ಇಷ್ಟೇ: ಗೆರೆ ಕುಗ್ಗುವುದನ್ನು ಆದಷ್ಟು ಕಡಿಮೆ ಮಾಡುವುದು, ಕುಗ್ಗಿದಷ್ಟನ್ನು ಸುತ್ತಿಗೆಯಿಂದ ವಾಪಸ್ ಹಿಗ್ಗಿಸುವುದು. ಎರಡನೆಯದನ್ನು ಮರೆತವರೇ ಹೆಚ್ಚು. ಉಬ್ಬುತಗ್ಗು ಮುಚ್ಚುವ ಪುಟ್ಟಿ ಖರ್ಚಾಗುವುದು ಅಲ್ಲೇ.

ಎಲ್ಲಿ ಕತ್ತರಿಸಬೇಕು ಎಂಬುದನ್ನು ತುಕ್ಕಿನ ಆಕಾರ ನೋಡಿ ನಿರ್ಧರಿಸಬಾರದು. ಬೆಸುಗೆಯ ಗೆರೆ ಬಾಗಿಲಿನ ನಟ್ಟನಡು ಚಪ್ಪಟೆಯಲ್ಲಿ ಬಿದ್ದರೆ ತಡೆಯಲು ಏನೂ ಇರುವುದಿಲ್ಲ. ಮಡಿಕೆಗೆ, ಅಂಚಿಗೆ, ಬಾಡಿ ಲೈನಿಗೆ (ತಗಡಿನಲ್ಲಿ ಒತ್ತಿ ಮೂಡಿಸಿದ ಉದ್ದ ಗೆರೆಗೆ) ಹತ್ತಿರವಿದ್ದರೆ ಆ ಆಕಾರವೇ ತಗಡನ್ನು ಹಿಡಿದಿಡುತ್ತದೆ. ಇನ್ನೊಂದು ಷರತ್ತು ಇದಕ್ಕಿಂತ ದೊಡ್ಡದು: ಗೆರೆಯ ಪೂರ್ತಿ ಉದ್ದಕ್ಕೂ ಹಿಂಬದಿಗೆ ಡಾಲಿ (ಸುತ್ತಿಗೆ ಏಟಿಗೆ ಆಸರೆಯಾಗುವ ಕೈಹಿಡಿ ಉಕ್ಕಿನ ಗಟ್ಟಿ) ಹಿಡಿದ ಕೈ ಹೋಗಬೇಕು. ಈ ಬಾಗಿಲಿನಲ್ಲಿ ತುಕ್ಕು 90 ಮಿ.ಮೀ.ಗೆ ನಿಂತಿದ್ದರೂ ಆ ಎತ್ತರದಲ್ಲಿ ಒಳಗಿನ ಫ್ರೇಮಿನ ಪಟ್ಟಿ ಅಡ್ಡ ಬರುತ್ತಿತ್ತು. 120 ಮಿ.ಮೀ.ಗೆ ಏರಿಸಿದರೆ ಒಳಗಿನ ಕಿಂಡಿಯಿಂದ ಕೈ ಸಲೀಸಾಗಿ ಸಿಗುತ್ತದೆ. ಹಾಗಾಗಿ ಅಲ್ಲೇ ಗುರುತು ಹಾಕಿದೆವು. ಗಟ್ಟಿ ತಗಡು 30 ಮಿ.ಮೀ. ಹೆಚ್ಚು ಹೋಯಿತಲ್ಲ ಎಂದು ಮರುಗುವುದು ಬೇಡ. ಮೂಲೆಗಳನ್ನು ಚೂಪಾಗಿ ಬಿಡದೆ 25 ಮಿ.ಮೀ. ತ್ರಿಜ್ಯದಲ್ಲಿ ದುಂಡಗೆ ಮಾಡಬೇಕು. ಚೂಪು ಮೂಲೆಯಲ್ಲಿ ಎರಡು ಕಡೆಯ ಎಳೆತ ಒಂದೇ ಬಿಂದುವಿಗೆ ಬಂದು ಸೇರುತ್ತದೆ, ಬಿಸಿಯೂ ಅಲ್ಲೇ ನಿಲ್ಲುತ್ತದೆ, ತೂತು ಬೀಳುವುದೂ ಅಲ್ಲೇ.

ತೇಪೆಯ ತಗಡು ಬಾಗಿಲಿನ ತಗಡಿನಷ್ಟೇ ದಪ್ಪ ಇರಬೇಕು. ಬಣ್ಣ ಕೆರೆದು ಮೈಕ್ರೊಮೀಟರಿನಲ್ಲಿ ಅಳೆದರೆ 0.7 ಮಿ.ಮೀ. ಬಂತು. ಅಂದರೆ 22 ಗೇಜಿನ ಸಿಆರ್‌ಸಿಎ ಶೀಟು, ಲೇಪವಿಲ್ಲದ ನಯವಾದ ಮೆತು ಉಕ್ಕಿನ ತಗಡು. ‘ಗಟ್ಟಿ ಇರಲಿ’ ಎಂದು 18 ಗೇಜು, ಅಂದರೆ 1.2 ಮಿ.ಮೀ. ಹಾಕುವ ರೂಢಿ ನಮ್ಮ ಕಡೆ ಇದೆ. ದಪ್ಪ ತಗಡು ಕರಗಲು ಬೇಕಾದ ಕರೆಂಟಿಗೆ ತೆಳು ತಗಡು ಉರಿದುಹೋಗುತ್ತದೆ. ತೆಳುವಿಗೆ ಹೊಂದಿಸಿದರೆ ದಪ್ಪದ ಮೇಲೆ ಬೆಸುಗೆ ಬರೀ ಕೂತಿರುತ್ತದೆ, ಹಿಡಿಯುವುದಿಲ್ಲ. ಇನ್ನು ಸತುವಿನ ಲೇಪವಿರುವ ಜಿಐ ಶೀಟಿನ ತುಂಡು ಸಿಕ್ಕಿತೆಂದು ಅದನ್ನೇ ಹಾಕುವುದು ಬೇಡವೇ ಬೇಡ. ಸತುವು 907 ಡಿಗ್ರಿಗೇ ಕುದಿದು ಆವಿಯಾಗುತ್ತದೆ. ಉಕ್ಕು ಕರಗುವ ಮೊದಲೇ ಅದು ಹೊರಗೆ ನುಗ್ಗಿ ಬೆಸುಗೆಯಲ್ಲಿ ಗುಳ್ಳೆ ಬಿಡುತ್ತದೆ, ಆರ್ಕ್ (ಬೆಸೆಯುವ ಕರೆಂಟಿನ ಉರಿ) ಚಿಟಿಚಿಟಿ ಸಿಡಿಯುತ್ತದೆ. ಆ ಬಿಳಿ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ. ಹಾಲು ಕುಡಿದರೆ ಸರಿಹೋಗುತ್ತದೆ ಎಂಬ ಮಾತು ಶೆಡ್ಡುಗಳಲ್ಲಿ ಓಡಾಡುತ್ತದೆ, ಅದನ್ನು ನಂಬಬಾರದು. ಹೊಸ ಕಾರುಗಳ ಬಾಡಿಗೇ ಸತುವಿನ ಲೇಪ ಇರುತ್ತದೆ. ಅಲ್ಲಿ ಎರಡೂ ಬದಿ, ಎರಡೂ ಮೈಯಲ್ಲಿ 25 ಮಿ.ಮೀ. ಅಗಲಕ್ಕೆ ಲೇಪ ಉಜ್ಜಿ ತೆಗೆದೇ ಬೆಸೆಯಬೇಕು.

ಕೂರಿಸುವ ಕೆಲಸಕ್ಕೆ ಬೆಸೆಯುವ ಕೆಲಸಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ, ಹಿಡಿಯಬೇಕು. ಮೊದಲು ತೇಪೆಯನ್ನು ಪೂರ್ತಿ ತಯಾರು ಮಾಡಿ, ಕೆಳಗಿನ ಮಡಿಕೆ ಬಗ್ಗಿಸಿ, ಬಾಗಿಲಿನ ಅಲ್ಪ ಉಬ್ಬಿಗೆ ಹೊಂದುವಂತೆ ಅಂಗೈಯಿಂದ ಒತ್ತಿ ಆಕಾರ ಕೊಟ್ಟುಕೊಳ್ಳಬೇಕು. ಆಮೇಲೆ ಅದನ್ನೇ ಬಾಗಿಲ ಮೇಲಿಟ್ಟು ಸುತ್ತ ಮೊನೆಯಿಂದ ಗೀಚಿ, ಗೀಟಿನ ಒಳಗೆ ಒಂದು ಮಿ.ಮೀ. ಬಿಟ್ಟು ಕತ್ತರಿಸಿ, ಉಳಿದದ್ದನ್ನು ಅರದಿಂದ ತಿನ್ನಿಸಬೇಕು. ತೂತು ಮೊದಲು ಮಾಡಿ, ಆಮೇಲೆ ಅದಕ್ಕೆ ತೇಪೆ ಹೊಂದಿಸಲು ಹೊರಟರೆ ಒಂದು ಕಡೆ ಕೂಡುತ್ತದೆ, ಇನ್ನೊಂದು ಕಡೆ ಬಾಯಿ ಬಿಡುತ್ತದೆ. ಸಂದಿ ಎಷ್ಟಿರಬೇಕು ಎಂಬುದಕ್ಕೆ ಕೈಯಲ್ಲೇ ಗೇಜು ಇದೆ: ಹ್ಯಾಕ್ಸಾ ಬ್ಲೇಡಿನ ದಪ್ಪ ಸುಮಾರು 0.65 ಮಿ.ಮೀ. ಬ್ಲೇಡಿನ ಬೆನ್ನು ಬಿಗಿಯಾಗಿ ಹೋದರೆ ಸರಿ, ಸಡಿಲವಾಗಿ ಓಡಾಡಿದರೆ ಹೆಚ್ಚಾಯಿತು. ಸಂದಿ ಅಗಲವಾದಲ್ಲಿ ತುಂಬಲು ಹೆಚ್ಚು ವೈರ್ ಬೇಕು, ಹೆಚ್ಚು ಹೊತ್ತು ಬೇಕು, ಬಿಸಿ ಎರಡರಷ್ಟು. ಸಂದಿಯೇ ಇಲ್ಲದೆ ಒತ್ತಿ ಕೂರಿಸಿದರೂ ಮಿಗ್ ಬೆಸುಗೆಗೆ, ಅಂದರೆ ವೈರ್ ತಾನೇ ಹೊರಬಂದು ಕರಗುವ ಬೆಸುಗೆಗೆ, ಒಗ್ಗುವುದಿಲ್ಲ. ಮೊದಲ ಟ್ಯಾಕುಗಳು (ಚುಕ್ಕೆಯಂಥ ಸಣ್ಣ ಬೆಸುಗೆಗಳು) ಕುಗ್ಗಿ ಎಳೆದಾಗ ಅಂಚುಗಳು ಒಂದರ ಮೇಲೊಂದು ಏರುತ್ತವೆ. ಸಂದಿ ಸಮನಾಗಿರಲು ಅಡ್ಡಪಟ್ಟಿಯ ಸಣ್ಣ ಕ್ಲ್ಯಾಂಪುಗಳನ್ನು 100 ಮಿ.ಮೀ.ಗೊಂದರಂತೆ ಹಾಕುತ್ತೇವೆ. ಅವು ಎರಡು ತಗಡನ್ನೂ ಒಂದೇ ಮಟ್ಟಕ್ಕೆ ತರುತ್ತವೆ.

ಬೆಸುಗೆ ಬೀಳುವ ಜಾಗದ ಸುತ್ತ ಹಿಂದೆ ಮುಂದೆ 30 ಮಿ.ಮೀ. ಬಣ್ಣ, ತುಕ್ಕು, ಪ್ರೈಮರ್ ಎಲ್ಲ ಹೋಗಿ ಬಿಳಿ ತಗಡು ಕಾಣಬೇಕು. ಮುಂದಿನ ಮೈ ಮಾತ್ರ ಉಜ್ಜಿ ಹಿಂದೆ ಬಿಟ್ಟರೆ ಹಿಂದಿನ ಬಣ್ಣ ಸುಟ್ಟು ಅದರ ಹೊಗೆಯೇ ಬೆಸುಗೆಗೆ ನುಗ್ಗುತ್ತದೆ. ಕೊಳಕು ತಗಡು ಸರಿಯಾಗಿ ಕರಗುವುದಿಲ್ಲ, ಕರಗದಿದ್ದರೆ ಕರೆಂಟು ಏರಿಸುತ್ತೇವೆ, ಏರಿಸಿದರೆ ತಗಡು ಎಳೆಯುತ್ತದೆ. ಎಣ್ಣೆ ಜಿಡ್ಡು ತೆಗೆಯಲು ಥಿನ್ನರ್ ಸಾಕು, ಅದು ಪೂರ್ತಿ ಆರಿದ ಮೇಲೆಯೇ ಆರ್ಕ್. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಮಾತ್ರ ಹತ್ತಿರ ತರಬಾರದು. ಆರ್ಕಿನ ಬೆಳಕಿಗೂ ಬಿಸಿಗೂ ಅದು ಫಾಸ್ಜೀನ್ ಎಂಬ ವಿಷಾನಿಲವಾಗುತ್ತದೆ.

ಮೆಷಿನ್ ಸಾಮಾನ್ಯ ಸಿಂಗಲ್ ಫೇಸ್ ಇನ್ವರ್ಟರ್ ಮಿಗ್. ವೈರ್ 0.8 ಮಿ.ಮೀ.ನದು. 0.6 ಸಿಕ್ಕರೆ ಇನ್ನೂ ಒಳ್ಳೆಯದು, ಕಡಿಮೆ ಕರೆಂಟಿಗೆ ಕರಗುತ್ತದೆ. ಆದರೆ ವೈರ್ ತಳ್ಳುವ ರೋಲರಿನ ತೋಡು, ವೈರ್ ಹೊರಬರುವ ಟಿಪ್ಪು ಎರಡೂ 0.6ರದ್ದೇ ಆಗಬೇಕು. ಬೆಸುಗೆಗೆ ಗಾಳಿ ತಾಗದಂತೆ ಕಾಯುವ ಗ್ಯಾಸಿನ ವಿಷಯದಲ್ಲಿ ಜಿಪುಣತನ ಬೇಡ. ಬರೀ ಸಿಓಟು (ಇಂಗಾಲದ ಡೈಆಕ್ಸೈಡ್) ಅಗ್ಗ, ಗ್ರಿಲ್ ಗೇಟಿಗೆ ಅದೇ ಸಾಕು. ಆದರೆ ಅದಕ್ಕೆ ವೋಲ್ಟೇಜು ಹೆಚ್ಚು ಬೇಕು, ಸಿಡಿತ ಹೆಚ್ಚು, ಬೆಸುಗೆ ಆಳಕ್ಕೆ ಇಳಿದು ತೆಳು ತಗಡನ್ನು ತೂತು ಮಾಡುತ್ತದೆ. ಆರ್ಗಾನ್ 80, ಸಿಓಟು 20ರ ಮಿಶ್ರಣದಲ್ಲಿ ಆರ್ಕ್ ಮೆತ್ತಗಿರುತ್ತದೆ. 0.7 ತಗಡಿಗೆ ಈ ಮಿಶ್ರಣದಲ್ಲಿ 45ರಿಂದ 55 ಆಂಪಿಯರ್, 15-16 ವೋಲ್ಟಿನ ಸುತ್ತ ಶುರುಮಾಡಬಹುದು. ಅಂತಿಮ ಅಳತೆ ಮೆಷಿನ್ ಮೇಲೆ ಬರೆದಿರುವುದಿಲ್ಲ, ಕತ್ತರಿಸಿ ಉಳಿದ ಚೂರಿನ ಮೇಲೆ ಸಿಗುತ್ತದೆ.

ಚೂರಿನ ಮೇಲೆ ಅರ್ಧ ಸೆಕೆಂಡಿನ ಒಂದು ಟ್ಯಾಕ್ ಹಾಕಿ ತಿರುಗಿಸಿ ನೋಡಬೇಕು. ಹಿಂಬದಿಯಲ್ಲಿ ಸಾಸಿವೆ ಗಾತ್ರದ ಮೊಟ್ಟು ಕಂಡರೆ ಪೂರ್ತಿ ಇಳಿದಿದೆ. ಹಿಂದೆ ಏನೂ ಕಾಣದೆ ಮುಂದೆ ಗುಂಡಗೆ ಕೂತಿದ್ದರೆ ಬಿಸಿ ಸಾಲದು. ಇನ್ನೂ ಮುಖ್ಯ ಗುರುತು ಟ್ಯಾಕಿನ ಸುತ್ತ ಬರುವ ನೀಲಿ ಉಂಗುರ. ಉಕ್ಕಿನ ಮೈ ನೀಲಿಯಾಗುವುದು ಸುಮಾರು 300 ಡಿಗ್ರಿಗೆ, ಅದರಾಚೆಯ ಹುಲ್ಲುಬಣ್ಣ 220-240ಕ್ಕೆ. ಅಂದರೆ ಬಿಸಿ ಎಲ್ಲಿಯವರೆಗೆ ಹರಿಯಿತು ಎಂದು ತಗಡೇ ಬರೆದು ತೋರಿಸುತ್ತದೆ. ಟ್ಯಾಕಿನ ಅಂಚಿನಿಂದ ನೀಲಿ ಐದಾರು ಮಿ.ಮೀ. ಒಳಗೆ ನಿಂತರೆ ಒಳ್ಳೆಯ ಸೆಟ್ಟಿಂಗ್. ಹದಿನೈದು ಮಿ.ಮೀ. ಹೋದರೆ ಕರೆಂಟು ಕಡಿಮೆಯಿದ್ದು ಟ್ರಿಗರ್ ಹೆಚ್ಚು ಹೊತ್ತು ಹಿಡಿದಿದ್ದೀರಿ ಎಂದೇ ತಿಳಿಯಬೇಕು. ಇದು ಹೊಸಬರಿಗೆ ತಲೆಕೆಳಗು ಅನ್ನಿಸುತ್ತದೆ. ಹೆದರಿ ಕರೆಂಟು ತೀರಾ ಇಳಿಸಿದವರೇ ತಗಡನ್ನು ಹೆಚ್ಚು ಕಾಯಿಸುವುದು. ಜೋರಾಗಿ, ಚುಟುಕಾಗಿ ಹೊಡೆದ ಟ್ಯಾಕಿನಲ್ಲಿ ಬಿಸಿ ಹರಡಲು ಹೊತ್ತೇ ಸಿಗುವುದಿಲ್ಲ.

ಮಧ್ಯಾಹ್ನ ವೋಲ್ಟೇಜು ಇಳಿದರೆ ಬೆಳಿಗ್ಗೆಯ ಸೆಟ್ಟಿಂಗ್ ಕೆಲಸಕ್ಕೆ ಬಾರದು, ಚೂರಿನ ಮೇಲೆ ಮತ್ತೆ ನೋಡಬೇಕು. ಗಾಳಿಯೂ ಅಷ್ಟೇ ಕಾಡುತ್ತದೆ. ಚಿತ್ರದುರ್ಗದ ಕಡೆಯ ಶೆಡ್ಡುಗಳಲ್ಲಿ ಇದು ಇನ್ನೂ ಜಾಸ್ತಿ. ಜೋಗಿಮಟ್ಟಿ ಗುಡ್ಡದ ಮೇಲೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲವಲ್ಲ. ಏಪ್ರಿಲ್ ಸೆಕೆಯಲ್ಲಿ ಬೆನ್ನಿಗೆ ಫ್ಯಾನ್ ಇಟ್ಟುಕೊಂಡು ಬೆಸೆದರೆ ಗ್ಯಾಸು ಹಾರಿಹೋಗಿ ಬೆಸುಗೆ ಜೇನುಗೂಡಾಗುತ್ತದೆ. ಅದನ್ನು ಉಜ್ಜಿ ಮತ್ತೆ ಬೆಸೆಯಬೇಕು, ಬಿಸಿ ಎರಡು ಪಟ್ಟು. ಫ್ಲೋ ಮೀಟರ್ ನಿಮಿಷಕ್ಕೆ 10 ಲೀಟರಿಗೆ ಇಟ್ಟು ಗಾಳಿಗೆ ತಡಿಕೆಯೋ ತಗಡೋ ಅಡ್ಡ ಹಿಡಿಯುವುದು ಸರಿ. ಗಾಳಿಗೆ ಹೆದರಿ 20ಕ್ಕೆ ಏರಿಸಿದರೆ ಗ್ಯಾಸು ಸುಳಿಸುತ್ತಿ ಹೊರಗಿನ ಗಾಳಿಯನ್ನೇ ಒಳಗೆಳೆಯುತ್ತದೆ.

ಸಂದಿಯ ಹಿಂದೆ ತಾಮ್ರದ ಪಟ್ಟಿ ಒತ್ತಿ ಹಿಡಿದರೆ ಅರ್ಧ ಚಿಂತೆ ಕಳೆಯಿತು. ತಾಮ್ರ ಉಕ್ಕಿಗಿಂತ ಏಳೆಂಟು ಪಟ್ಟು ಬೇಗ ಬಿಸಿ ಎಳೆದುಕೊಳ್ಳುತ್ತದೆ, ಬೆಸುಗೆ ಅದಕ್ಕೆ ಅಂಟುವುದೂ ಇಲ್ಲ. ಕರೆಂಟಿನ ಪ್ಯಾನೆಲ್ ಬೋರ್ಡ್ ಮಾಡುವವರ ಹತ್ತಿರ ಬಸ್‌ಬಾರಿನ ತುಂಡು ತೂಕಕ್ಕೆ ಸಿಗುತ್ತದೆ. 25 ಮಿ.ಮೀ. ಅಗಲ, 5-6 ಮಿ.ಮೀ. ದಪ್ಪ, ಒಂದು ಗೇಣು ಉದ್ದ ಇದ್ದರೆ ಸಾಕು. ಅದು ತಗಡಿಗೆ ಗಟ್ಟಿಯಾಗಿ ತಾಗಿರಬೇಕು, ಕೂದಲೆಳೆ ಸಂದಿ ಉಳಿದರೂ ಪ್ರಯೋಜನವಿಲ್ಲ. ಪಟ್ಟಿ ಮುಟ್ಟಲಾಗದಷ್ಟು ಬಿಸಿಯಾದಾಗ ಬಕೆಟ್ಟಿನಲ್ಲಿ ಅದ್ದಿ, ಒರೆಸಿ, ಮತ್ತೆ ಹಿಡಿಯುವುದು.

ಮೊದಲ ಟ್ಯಾಕ್ ಮೇಲಿನ ಗೆರೆಯ ನಡುವಿಗೆ. ಆಮೇಲೆ ಎರಡು ತುದಿ, ಆಮೇಲೆ ಆ ಮಧ್ಯಗಳ ಮಧ್ಯ. ಹೀಗೆ ಟ್ಯಾಕುಗಳ ನಡುವೆ ಸುಮಾರು 40 ಮಿ.ಮೀ. ಉಳಿಯುವವರೆಗೆ. ಈ ಹಂತದಲ್ಲಿ ನಿಲ್ಲಿಸಿ ಕ್ಲ್ಯಾಂಪ್ ತೆಗೆದು ಮಟ್ಟ ನೋಡಬೇಕು. ಒಂದು ಅಂಚು ಕೆಳಗಿಳಿದಿದ್ದರೆ ಈಗ ಸುತ್ತಿಗೆಯ ಒಂದೇ ಏಟಿಗೆ ಏಳುತ್ತದೆ, ಆಮೇಲೆ ಏಳುವುದಿಲ್ಲ. ಮುಂದೆ 40ರ ನಡುವೆ ಒಂದು, 20ರ ನಡುವೆ ಒಂದು, ಕೊನೆಗೆ ಒಂದರ ಅಂಚಿಗೆ ಒಂದು ತಾಗುವಂತೆ. ಯಾವ ಸುತ್ತಿನಲ್ಲೂ ಅಕ್ಕಪಕ್ಕ ಎರಡು ಟ್ಯಾಕ್ ಬೆನ್ನುಬೆನ್ನಿಗೆ ಬೀಳಬಾರದು. ಎಡತುದಿಯಲ್ಲಿ ಒಂದು ಹೊಡೆದರೆ ಮುಂದಿನದು ಬಲಭಾಗದಲ್ಲಿ. ಹಿಂದಿನ ಟ್ಯಾಕಿನ ಮೇಲೆ ಬೆರಳಿಟ್ಟು ಸುಮ್ಮನೆ ಹಿಡಿಯಲು ಆದರೆ ಮಾತ್ರ ಅದರ ಪಕ್ಕಕ್ಕೆ ಹೋಗಬಹುದು.

ತಣಿಸಲು ಕಂಪ್ರೆಸರಿನ ಗಾಳಿ ಸಾಕು. ಕೆಂಪು ಇಳಿದ ಮೇಲೆ ಹತ್ತು ಹನ್ನೆರಡು ಸೆಕೆಂಡು ಊದಿದರೆ ಬಿಸಿ ಪಕ್ಕಕ್ಕೆ ಹರಿಯುವುದು ನಿಲ್ಲುತ್ತದೆ. ಒದ್ದೆ ಬಟ್ಟೆ ಬೇಕೋ ಬೇಡವೋ ಎಂಬ ವಾದ ಎಲ್ಲ ಶೆಡ್ಡಿನಲ್ಲೂ ನಡೆಯುತ್ತದೆ. ನೀರು ಹಾಕಿದರೆ ತಗಡು ಗಡುಸಾಗಿ ಸೀಳುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ, ಬಾಗಿಲಿನ ಮೆತು ಉಕ್ಕಿನಲ್ಲಿ ಗಡುಸಾಗುವಷ್ಟು ಇಂಗಾಲವೇ ಇಲ್ಲ. ನಮಗೆ ಬೇಡವೆನಿಸುವುದು ಬೇರೆ ಕಾರಣಕ್ಕೆ. ಇನ್ನೂ ಬೆಸೆಯದ ಸಂದಿಗೆ ನೀರು ಇಳಿಯುತ್ತದೆ, ಮುಂದಿನ ಟ್ಯಾಕಿನಲ್ಲಿ ಅದು ಗುಳ್ಳೆಯಾಗಿ ಏಳುತ್ತದೆ. ಹತ್ತಿರದ ಬಣ್ಣವನ್ನೋ ರಬ್ಬರನ್ನೋ ಕಾಪಾಡಬೇಕಿದ್ದರೆ ಹಿಂಡಿದ ಒದ್ದೆ ಗೋಣಿಚೀಲವನ್ನು ನಾಲ್ಕು ಬೆರಳು ದೂರದಲ್ಲಿ ಹಾಸಿದರೆ ಸರಿ.

ಸುತ್ತಿಗೆಯ ಕೆಲಸ ಪ್ರತಿ ಸುತ್ತಿಗೂ ಬರುತ್ತದೆ, ಎಲ್ಲ ಮುಗಿದ ಮೇಲೆ ಒಂದೇ ಸಲ ಅಲ್ಲ. ಟ್ಯಾಕಿನ ತಲೆ ಮೊದಲು ಉಜ್ಜಿ ತಗಡಿನ ಮಟ್ಟಕ್ಕೆ ಹತ್ತಿರ ತರಬೇಕು, ಹಿಂದಿನ ಮೊಟ್ಟನ್ನೂ ಸಹ. ಉಬ್ಬಿದ ತಲೆಯ ಮೇಲೆ ಹೊಡೆದರೆ ಬೆಸುಗೆ ಹಿಗ್ಗುವ ಬದಲು ತಗಡೇ ಒಳಗೆ ಬಾಗುತ್ತದೆ. ಆಮೇಲೆ ಹಿಂದೆ ಚಪ್ಪಟೆ ಡಾಲಿ ಗಟ್ಟಿಯಾಗಿ ಒತ್ತಿ ಹಿಡಿದು, ಮುಂದಿನಿಂದ ನಯವಾದ ಮುಖದ ಸುತ್ತಿಗೆಯಿಂದ ಟ್ಯಾಕಿನ ನೆತ್ತಿಗೆ ಸರಿಯಾಗಿ ಹೊಡೆಯಬೇಕು. ಡಾಲಿ ಸರಿಯಾಗಿ ಕೆಳಗಿದ್ದರೆ ಖಣ್ ಎಂದು ಗಟ್ಟಿ ಸದ್ದು ಬರುತ್ತದೆ, ಜಾರಿದ್ದರೆ ಬೊದ್ದು ಸದ್ದು. ಎರಡು ಲೋಹದ ನಡುವೆ ಸಿಕ್ಕ ಬೆಸುಗೆ ತೆಳುವಾಗಿ ಹಿಗ್ಗುತ್ತದೆ, ಕುಗ್ಗಿದ ಉದ್ದ ವಾಪಸ್ ಬರುತ್ತದೆ. ಎಷ್ಟು ಏಟು ಎಂದು ಲೆಕ್ಕ ಹೇಳಲಾಗದು. ಗೆರೆಗೆ ಅಡ್ಡಲಾಗಿ ಒಂದಡಿಯ ಸ್ಟೀಲ್ ಸ್ಕೇಲು ನಿಲ್ಲಿಸಿ ನೋಡಬೇಕು. ಗೆರೆ ತಗ್ಗಾಗಿ ಅಕ್ಕಪಕ್ಕ ಉಬ್ಬಿದ್ದರೆ ಇನ್ನೂ ಕುಗ್ಗಿದೆ, ಹೊಡೆಯಿರಿ. ಗೆರೆ ಮೇಲೇಳಲು ಶುರುವಾದರೆ ಹೆಚ್ಚಾಯಿತು, ನಿಲ್ಲಿಸಿ. ಮಿಗ್ ವೈರಿನ ಬೆಸುಗೆ ಬಾಗಿಲಿನ ತಗಡಿಗಿಂತ ಗಡುಸು, ಹಟ ಮಾಡುತ್ತದೆ. ಈ ಒಂದು ವಿಷಯದಲ್ಲಿ ಟಿಗ್ಗೂ (ಟಂಗ್‌ಸ್ಟನ್ ಮೊನೆಯ ಆರ್ಕಿನಿಂದ ಬೆಸೆಯುವುದು) ಹಳೆಯ ಗ್ಯಾಸ್ ವೆಲ್ಡಿಂಗೂ ಮೇಲು, ಅವುಗಳ ಬೆಸುಗೆ ಮೆತು, ಸುತ್ತಿಗೆಗೆ ಬೇಗ ಒಲಿಯುತ್ತದೆ. ಟಿಗ್ಗಿನಲ್ಲಾದರೆ 0.7-0.8 ತಗಡಿಗೆ 30 ಆಂಪಿಯರ್ ಸುತ್ತ ಸಾಕು, ಸಂದಿ ಮಾತ್ರ ಕೂದಲೆಳೆಯೂ ಇರಬಾರದು.

ಹಿತ್ತಾಳೆ ಹಾಕಿ ಮುಗಿಸುವವರಿಗೆ ಒಂದು ಮಾತು. ಹಿತ್ತಾಳೆ ಕಡ್ಡಿ ಕರಗುವುದು 900 ಡಿಗ್ರಿಯ ಆಸುಪಾಸು, ಉಕ್ಕಿಗಿಂತ ಎಷ್ಟೋ ಕಡಿಮೆ, ನಿಜ. ಆದರೆ ಗ್ಯಾಸಿನ ಉರಿ ಅಂಗೈ ಅಗಲದ ಜಾಗ ಕಾಯಿಸಿಯೇ ಆ 900ಕ್ಕೆ ತರುತ್ತದೆ. ಬಿಳಿಗಾರದ ಫ್ಲಕ್ಸ್ ಪೂರ್ತಿ ತೊಳೆಯದಿದ್ದರೆ ಒಂದು ಮಳೆಗಾಲ ಕಳೆಯುವುದರೊಳಗೆ ಬಣ್ಣ ಗುಳ್ಳೆಯೇಳುತ್ತದೆ. ಮುಂದೆ ಯಾರಾದರೂ ಅದನ್ನು ಮಿಗ್ಗಿನಲ್ಲಿ ಸರಿಮಾಡಲು ಹೊರಟರೆ ಹಿತ್ತಾಳೆಯ ಮೇಲೆ ಬೆಸುಗೆ ಕೂರುವುದೂ ಇಲ್ಲ.

ಉಜ್ಜುವಾಗಲೂ ತಗಡು ಎಳೆಯುತ್ತದೆ. ಬೆಸೆಯುವಾಗ ತೋರಿದ ತಾಳ್ಮೆಯನ್ನೆಲ್ಲ ನಾಲ್ಕಿಂಚಿನ ಗ್ರೈಂಡರು ಎರಡು ನಿಮಿಷದಲ್ಲಿ ಹಾಳುಮಾಡಬಲ್ಲದು. ದಪ್ಪ ಗ್ರೈಂಡಿಂಗ್ ಚಕ್ರ ಹಚ್ಚಿ ಗೆರೆಯ ಉದ್ದಕ್ಕೂ ಎಳೆದರೆ ತಗಡು ನೀಲಿಯಾಗುತ್ತದೆ, ಅಲ್ಲಿಗೆ ಇನ್ನೊಂದು ಸಲ ಬೆಸೆದಷ್ಟೇ ಬಿಸಿ. ನಾವು ಟ್ಯಾಕಿನ ತಲೆಯನ್ನು ಒಂದು ಮಿ.ಮೀ. ಕಟಿಂಗ್ ಚಕ್ರದ ಅಂಚಿನಿಂದ ಮೆಲ್ಲಗೆ ಸವರಿ ಇಳಿಸುತ್ತೇವೆ. ತಾಗುವ ಜಾಗ ಕಿರಿದು, ಪಕ್ಕದ ತಗಡು ತೆಳುವಾಗುವುದಿಲ್ಲ. ಕಾಲು ಮಿ.ಮೀ. ಉಳಿದಾಗ 60ರ ಒರಟಿನ ಫ್ಲಾಪ್ ಡಿಸ್ಕ್ (ಉಜ್ಜುಕಾಗದದ ಎಸಳುಗಳ ಚಕ್ರ), ಮುಗಿಸಲು 80ರ ನಯದ್ದು. ಇಲ್ಲೂ ಒಂದು ಕಡೆ ಎರಡು ಸೆಕೆಂಡು, ಆಮೇಲೆ ಇನ್ನೊಂದು ಕಡೆ. 0.7 ತಗಡನ್ನು 0.4ಕ್ಕೆ ಉಜ್ಜಿಬಿಟ್ಟರೆ ಬೆರಳ ಒತ್ತಿಗೇ ಬಗ್ಗುತ್ತದೆ, ಮತ್ತೆ ಬೆಸೆಯುವಂತೆಯೂ ಇಲ್ಲ.

ಇಷ್ಟೆಲ್ಲ ಮಾಡಿಯೂ ಗೆರೆಯ ಪಕ್ಕ ಉಬ್ಬು ಉಳಿಯಬಹುದು. ಕೂಡಲೇ ಗ್ಯಾಸ್ ಹಚ್ಚಿ ಆ ಉಬ್ಬನ್ನು ಕಾಯಿಸಿ ಕುಗ್ಗಿಸುವುದು ನಮ್ಮ ಕಡೆಯ ವಾಡಿಕೆ. ಅದು ತಪ್ಪು. ಉಬ್ಬಿದ ಜಾಗದ ತಗಡು ಹಿಗ್ಗಿಲ್ಲ, ಅದರ ಅಳತೆ ಸರಿಯಾಗಿಯೇ ಇದೆ. ಗಿಡ್ಡವಾಗಿರುವುದು ಬೆಸುಗೆಯ ಗೆರೆ. ಸರಿಯಿರುವುದನ್ನೂ ಗಿಡ್ಡ ಮಾಡಿದರೆ ಉಬ್ಬು ಇನ್ನೊಂದು ಗೇಣು ಆಚೆಗೆ ಓಡುತ್ತದೆ, ಅಲ್ಲೂ ಕಾಯಿಸುತ್ತಾರೆ, ಬಾಗಿಲು ಪೂರ್ತಿ ಮುಗಿಯುತ್ತದೆ. ಮೊದಲು ಗೆರೆಯ ಮೇಲೆ ಡಾಲಿ ಹಿಡಿದು ಹೊಡೆಯಿರಿ. ಹತ್ತರಲ್ಲಿ ಎಂಟು ಸಲ ಉಬ್ಬು ತಾನಾಗಿ ಕೂರುತ್ತದೆ. ಅಪಘಾತದ ಏಟಿಗೋ ಅತಿಯಾದ ಸುತ್ತಿಗೆಗೋ ನಿಜವಾಗಿ ಹಿಗ್ಗಿದ ಜಾಗವಾದರೆ ಮಾತ್ರ ಬಿಸಿಯ ಮಾತು. ಉಬ್ಬಿನ ನೆತ್ತಿಯಲ್ಲಿ ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕ ಚುಕ್ಕೆಯನ್ನು ಮಂಕು ಕೆಂಪಾಗುವವರೆಗೆ ಕಾಯಿಸಿ, ಡಾಲಿಯನ್ನು ಹಗುರ ಹಿಡಿದು ಸುತ್ತ ಎರಡು ಮೂರು ಏಟು ತಟ್ಟಿ, ಒದ್ದೆ ಬಟ್ಟೆಯಲ್ಲಿ ಒತ್ತುವುದು. ಒಂದು ಚುಕ್ಕೆ ಪೂರ್ತಿ ತಣಿದು ಫಲ ನೋಡಿದ ಮೇಲೆಯೇ ಇನ್ನೊಂದು.

ಬೆಸುಗೆಯ ಬಿಸಿ ಹಾಳುಮಾಡುವುದು ತಗಡೊಂದನ್ನೇ ಅಲ್ಲ. ಈ ಬಾಗಿಲನ್ನು ಬಿಚ್ಚಿ ಸ್ಟ್ಯಾಂಡಿಗೆ ಹಾಕಿದ್ದರಿಂದ ಅರ್ಧ ತೊಂದರೆ ತಪ್ಪಿತು. ಗಾಡಿಯ ಮೇಲೇ ಬೆಸೆಯಬೇಕಾದರೆ ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ, ಅರ್ಥ್ ಕ್ಲ್ಯಾಂಪನ್ನು ಬೆಸೆಯುವ ತುಂಡಿಗೇ ಒಂದು ಗೇಣು ದೂರದಲ್ಲಿ ಕಚ್ಚಿಸಬೇಕು. ಹಿಂದಿರುವ ವೈರಿಂಗ್, ಕಾರ್ಪೆಟ್, ಡಾಂಬರು ಪ್ಯಾಡು ಎಲ್ಲ ತೆಗೆಯಬೇಕು. ಗಾಜಿಗೆ ಕಿಡಿ ತಾಗಿದರೆ ಕಪ್ಪು ಚುಕ್ಕೆಯಾಗಿ ಕೂರುತ್ತದೆ, ಎಂದಿಗೂ ಹೋಗುವುದಿಲ್ಲ. ಅದಕ್ಕೆ ಬೆಂಕಿ ತಡೆಯುವ ಫೈಬರಿನ ಬಟ್ಟೆ ಹೊದಿಸಬೇಕು. ಸಿಎನ್‌ಜಿ ಅಥವಾ ಎಲ್‌ಪಿಜಿ ಕಿಟ್ ಇರುವ ವ್ಯಾನಾದರೆ ಸಿಲಿಂಡರ್ ಹೊರಗಿಳಿಸಿಯೇ ಆರ್ಕ್ ಹಚ್ಚುವುದು. ಹೊಸ ಕಾರುಗಳ ಬಿ ಪಿಲ್ಲರ್ (ಮುಂದಿನ ಹಿಂದಿನ ಬಾಗಿಲುಗಳ ನಡುವಿನ ಕಂಬ), ಚಾಸಿಯ ಉದ್ದ ತೊಲೆಗಳ ಗಟ್ಟಿ ಉಕ್ಕು ಬೇರೆಯೇ ಜಾತಿ. ಅದು ಕಾರ್ಖಾನೆಯಲ್ಲಿ ಕಾಯಿಸಿ ತಣಿಸಿ ಪಡೆದ ಬಲ, ಇಲ್ಲಿ ಗ್ಯಾಸ್ ಹಚ್ಚಿದರೆ ಹೊರಗೆ ಏನೂ ಕಾಣದೆ ಬಲ ಹೋಗಿಬಿಡುತ್ತದೆ. ಅದರ ಮೇಲೆ ಬಾಗಿಲಿನ ಕೈಚಳಕ ತೋರಿಸಬಾರದು. ಕಂಪನಿಯ ರಿಪೇರಿ ಪುಸ್ತಕ ಎಲ್ಲಿ ಕತ್ತರಿಸು ಎನ್ನುತ್ತದೋ ಅಲ್ಲಿ ಮಾತ್ರ ಕತ್ತರಿಸಬೇಕು.

ಬೆಸುಗೆಯ ಹಿಂಬದಿಯಲ್ಲಿ ಬಣ್ಣವೆಲ್ಲ ಸುಟ್ಟು ಬೋಳಾಗಿರುತ್ತದೆ, ತುಕ್ಕು ಮತ್ತೆ ಶುರುವಾಗುವುದು ಅಲ್ಲಿಂದಲೇ. ಮುಂದಿನ ಮೈಗೆ ಪುಟ್ಟಿ ಹಾಕುವ ಮೊದಲು ಹಿಂದೆ ತಂತಿ ಬ್ರಷ್ ಉಜ್ಜಿ, ಎಪಾಕ್ಸಿ ಪ್ರೈಮರ್ ಎರಡು ಕೋಟು ಹೊಡೆದೆವು. ಈ ಬಾಗಿಲಿಗೆ ಬೇಕಾದ ಪುಟ್ಟಿ ಒಂದು ಮಿ.ಮೀ.ಗೂ ಒಳಗೆ. ಬಣ್ಣ ಆರಿದ ಮೇಲೆ ಒಳಗಿನ ಕಿಂಡಿಯಿಂದ ಕ್ಯಾವಿಟಿ ವ್ಯಾಕ್ಸ್ (ಒಳಟೊಳ್ಳಿಗೆ ತುಕ್ಕು ಹಿಡಿಯದಂತೆ ಹಾಕುವ ಮೇಣ) ಸಿಂಪಡಿಸುವುದು. ಬಣ್ಣಕ್ಕೆ ಮೊದಲೇ ಸಿಂಪಡಿಸಿದರೆ ಅದು ಅಂಚಿನಿಂದ ಜಿನುಗಿ ಬಣ್ಣ ಹಿಡಿಯದಂತೆ ಮಾಡುತ್ತದೆ. ತೇಪೆಯ ತಳದ ಮಡಿಕೆಯಲ್ಲಿ ಮೊದಲಿದ್ದ ಜಾಗದಲ್ಲೇ 8 ಮಿ.ಮೀ.ನ ನೀರಿಳಿಯುವ ತೂತುಗಳನ್ನು ಕೊರೆದು, ವ್ಯಾಕ್ಸ್ ಗಟ್ಟಿಯಾಗುವ ಮುಂಚೆ ಒಂದು ತಂತಿ ಹಾಕಿ ಬಾಯಿ ಬಿಡಿಸಿ, ಬಾಗಿಲನ್ನು ಅದು ಜಾರುವ ರೈಲುಪಟ್ಟಿಗೆ ಏರಿಸಬಹುದು.